ಕ್ರೂಗರ್ ಕಾಡಿನಲ್ಲಿ ನಾನೇ ಡ್ರೈವರ್

ಕಾಡಿಗೆ ಹೋದಾಗ ನನಗೆ ಹುಲಿಗಿಂತ ಜಾಸ್ತಿ ಬೇಕಾಗುವುದು ಒಂದು ಕಡೆ ನಿಲ್ಲುವ ಅವಕಾಶ. ಕಬಿನಿಗೋ ಬಂಡೀಪುರಕ್ಕೋ ಹೋದರೆ ಸಫಾರಿ ಗಾಡಿಯಲ್ಲಿ ಇನ್ನಷ್ಟು ಜನ ಇರುತ್ತಾರೆ. ಎಷ್ಟೋ ಜನ ಮೊದಲ ಸಲ ಬಂದವರು, ಮಕ್ಕಳನ್ನು ಕರೆದುಕೊಂಡು ಬಂದವರು. ಅವರಿಗೆಲ್ಲ ಹುಲಿ ನೋಡುವ ಆಸೆ. ಅದು ಸಹಜವೇ. ಅಂಥವರ ಮಧ್ಯೆ ಕೂತು "ಸ್ವಲ್ಪ ನಿಲ್ಸಿ, ಆ ಮರಕುಟಿಗ ನೋಡಬೇಕು" ಅಂತ ಹೇಳೋಕೆ ನನಗೆ ಬಾಯೇ ಬರುವುದಿಲ್ಲ. ಹಾಗಾಗಿ ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಯಾರು ಬೇಕಾದರೂ ತಮ್ಮ ಕಾರು ತಾವೇ ಓಡಿಸಿಕೊಂಡು ದಿನವಿಡೀ ಸುತ್ತಬಹುದು ಅಂತ ಗೊತ್ತಾದಾಗಲೇ ಮನಸ್ಸು ಅಲ್ಲಿಗೆ ಹೋಗಿಬಿಟ್ಟಿತ್ತು.

ನಾನು ಬೆಂಗಳೂರಿನ ವಿಜಯನಗರದವಳು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನಮಗೆ ರಜ ಸಿಗುವುದೇ ಏಪ್ರಿಲ್-ಮೇನಲ್ಲಿ. ಕ್ರೂಗರ್‌ನಲ್ಲಿ ಮೇ ಅಂದರೆ ಮಳೆ ಮುಗಿದು ಚಳಿ ಶುರುವಾಗುವ ಕಾಲ. ಹುಲ್ಲು ಇನ್ನೂ ಎತ್ತರವೇ ಇರುತ್ತದೆ, ಆದರೆ ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ. ನಮ್ಮ ಮನೆಯವರಿಗೆ ಡ್ರೈವಿಂಗ್ ಬರುವುದಿಲ್ಲ, ಆದರೆ ಮ್ಯಾಪ್ ಓದುವುದರಲ್ಲಿ ಅವರು ಗಟ್ಟಿ. ಹಿಂದಿನ ಸೀಟಿನಲ್ಲಿ ನಮ್ಮತ್ತೆ. ಅತ್ತೆ ಗುಂಡ್ಲುಪೇಟೆ ತಾಲ್ಲೂಕಿನವರು. ಮದುವೆಯಾದ ಹೊಸದರಲ್ಲಿ ಹೊಲದ ಅಟ್ಟಣೆ ಮೇಲೆ ಕೂತು ರಾತ್ರಿಯೆಲ್ಲ ಆನೆ ಕಾದವರು. "ಕಾಡು ನೋಡಕ್ಕೆ ಅಷ್ಟು ದೂರ ಯಾಕವ್ವ, ನಮ್ಮೂರ ಹಿಂದೇನೇ ಅದಲ್ಲ" ಅಂತ ಕೇಳಿದ್ದರು. ಆದರೂ ಪಾಸ್‌ಪೋರ್ಟ್ ಮಾಡಿಸಿಕೊಂಡು ಬಂದರು. ಅವರು ಬಂದಿದ್ದರಿಂದಲೇ ನಾನು ಎಷ್ಟೋ ವಿಷಯ ನೋಡಿದೆ.

ಮೊದಲು ಆ ಕಾಡಿನ ಅಳತೆ ಹೇಳಿಬಿಡುತ್ತೇನೆ. ಕ್ರೂಗರ್ ಹತ್ತಿರ ಹತ್ತಿರ 20,000 ಚದರ ಕಿಲೋಮೀಟರ್. ನಮ್ಮ ಇಡೀ ಕರ್ನಾಟಕದ ಹತ್ತನೇ ಒಂದು ಪಾಲು ಅಂದುಕೊಳ್ಳಿ. ಬಂಡೀಪುರ ರಾಷ್ಟ್ರೀಯ ಉದ್ಯಾನದಂಥವು ಇಪ್ಪತ್ತು ಹಿಡಿಸಿದರೂ ಜಾಗ ಉಳಿಯುತ್ತದೆ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 350 ಕಿ.ಮೀ., ಅಂದರೆ ಬೆಂಗಳೂರಿನಿಂದ ಮಂಗಳೂರಿಗೆ ಹೋದಷ್ಟು ದೂರ. 1898ರಲ್ಲಿ ಸಾಬಿ ಅನ್ನೋ ಮೀಸಲು ಕಾಡಾಗಿ ಶುರುವಾಗಿದ್ದು, 1926ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಒಳಗೆ ಟಾರು ರಸ್ತೆ ಇದೆ, ಮಣ್ಣಿನ ರಸ್ತೆ ಇದೆ, ಬೇಲಿ ಹಾಕಿದ ಕ್ಯಾಂಪುಗಳಿವೆ. ರಾತ್ರಿ ಆ ಬೇಲಿಯೊಳಗೆ ನಾವು, ಹೊರಗೆ ಅವು.

ನಿಯಮ ಸರಳ, ಆದರೆ ಕಟ್ಟುನಿಟ್ಟು. ಟಾರು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ., ಮಣ್ಣಿನ ರಸ್ತೆಯಲ್ಲಿ 40. ಬೋರ್ಡು ಹಾಕಿದ ಜಾಗ ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯುವ ಹಾಗಿಲ್ಲ. ಕಿಟಕಿಯಿಂದ ತಲೆ, ಕೈ ಆಚೆ ಹಾಕುವ ಹಾಗಿಲ್ಲ. ಮೇ ತಿಂಗಳಲ್ಲಿ ಕ್ಯಾಂಪಿನ ಗೇಟು ಬೆಳಿಗ್ಗೆ 6ಕ್ಕೆ ತೆಗೆಯುತ್ತಾರೆ, ಸಂಜೆ 5.30ಕ್ಕೆ ಮುಚ್ಚುತ್ತಾರೆ. ತಡವಾಗಿ ಬಂದರೆ ದಂಡ. ರಾತ್ರಿ ಓಡಾಡಬೇಕಾದರೆ ಉದ್ಯಾನದವರದ್ದೇ ಗಾಡಿಯಲ್ಲಿ ಗೈಡ್ ಜೊತೆ ಹೋಗಬೇಕು. ಇದನ್ನು ಹೇಳಿದಾಗ ಅತ್ತೆಗೆ ಏನೂ ಹೊಸತು ಅನ್ನಿಸಲಿಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡುವುದಿಲ್ಲ ಅಲ್ವಾ. "ಅದಕ್ಕೂ ನಿದ್ದೆ ಬೇಕಲ್ಲ" ಅಂದರು ಅಷ್ಟೇ.

ಓಡಿಸುವುದು ನಮ್ಮವರಿಗೆ ಕಷ್ಟವಲ್ಲ. ಅಲ್ಲೂ ರಸ್ತೆಯ ಎಡಗಡೆಯೇ ಹೋಗುವುದು, ಸ್ಟೀರಿಂಗ್ ಬಲಗಡೆಯೇ ಇರುವುದು. ಜೋಹಾನ್ಸ್‌ಬರ್ಗ್‌ನಲ್ಲಿ ಬಾಡಿಗೆ ಕಾರು ತೆಗೆದುಕೊಂಡರೆ ಐದಾರು ಗಂಟೆಯಲ್ಲಿ ಕಾಡಿನ ಗೇಟು ಸೇರಬಹುದು. ಒಂದೇ ಮಾತು: ಕಾರು ಸ್ವಲ್ಪ ಎತ್ತರದ್ದಿರಲಿ. ಫೋರ್ ವೀಲ್ ಡ್ರೈವ್ ಬೇಕಾಗಿಲ್ಲ. ಆದರೆ ತಗ್ಗಿನ ಸೀಟಿನಲ್ಲಿ ಕೂತರೆ ಮೇ ತಿಂಗಳ ಹುಲ್ಲಿನಾಚೆ ಏನೂ ಕಾಣುವುದಿಲ್ಲ.

ನಾವಿದ್ದದ್ದು ಸ್ಕುಕುಜಾ ಕ್ಯಾಂಪಿನಲ್ಲಿ. ಈಗ ಬರೆಯುತ್ತಿರುವ ದಿನ ನಾವು ಹಾಕಿಕೊಂಡಿದ್ದ ದಾರಿ ಇದು: ಸಾಬಿ ನದಿಯ ದಂಡೆ ಹಿಡಿದು ಲೋವರ್ ಸಾಬಿ ಕ್ಯಾಂಪು, ಅಲ್ಲಿಂದ ಉತ್ತರಕ್ಕೆ ತಿರುಗಿ ಬಯಲಿನ ಮೇಲೆ ತ್ಶೋಕ್ವಾನೆ ಅನ್ನೋ ಪಿಕ್ನಿಕ್ ಜಾಗ, ಮತ್ತೆ ವಾಪಸ್ ಸ್ಕುಕುಜಾ. ಒಟ್ಟು 130 ಕಿ.ಮೀ. ಆಸುಪಾಸು. ಬೆಂಗಳೂರು-ಮೈಸೂರಿಗಿಂತಲೂ ಕಡಿಮೆ. ಅದಕ್ಕೆ ಇಡೀ ದಿನ ಬೇಕಾಯಿತು.

ಆರು ಗಂಟೆಗೆ ಗೇಟಿನ ಮುಂದೆ ಕಾರುಗಳ ಸಾಲು. ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಚಳಿ ಇತ್ತು. ಅತ್ತೆ ಸ್ವೆಟರ್ ಮೇಲೆ ಶಾಲು ಹೊದ್ದು ಕೂತಿದ್ದರು. ಗೇಟು ದಾಟಿ ಸ್ವಲ್ಪ ದೂರ ಹೋಗಿದ್ದೆವು ಅಷ್ಟೇ, ರಸ್ತೆ ಪಕ್ಕದ ಮೋರಿಯ ಹತ್ತಿರ ಏನೋ ಮಲಗಿತ್ತು. ಕತ್ತೆಕಿರುಬ. ಕಾರು ನಿಲ್ಲಿಸಿ ಇಂಜಿನ್ ಆಫ್ ಮಾಡಿದೆ. ರಸ್ತೆ ಅಡಿಯ ಮೋರಿ ಪೈಪಿನೊಳಗೆ ಮರಿ ಸಾಕುವುದು ಇಲ್ಲಿನ ಕತ್ತೆಕಿರುಬಗಳ ರೂಢಿ. ಸ್ವಲ್ಪ ಹೊತ್ತಿಗೆ ಪೈಪಿನಿಂದ ಮರಿಗಳು ಬಂದವು. ಅಮ್ಮನ ಮೈಮೇಲೆ ಚುಕ್ಕೆ, ಮರಿಗಳಿಗೆ ಇನ್ನೂ ಚುಕ್ಕೆ ಮೂಡಿರಲಿಲ್ಲ, ಪೂರ್ತಿ ಕಪ್ಪುಗಂದು. ಒಂದು ಮರಿ ನೇರ ನಮ್ಮ ಕಾರಿನ ಹತ್ತಿರ ಬಂತು. ಮುಂದಿನ ಟೈರು ಮೂಸಿತು. ಬಾಗಿಲ ಕೆಳಗೆ ಅದರ ಮೂಗಿನ ಸದ್ದು ನನಗೆ ಕೇಳುತ್ತಿತ್ತು. ಆಮೇಲೆ ಟೈರಿಗೆ ಹಲ್ಲು ಹಾಕಿ ಎಳೆಯಲು ನೋಡಿತು. ಅಮ್ಮ ತಲೆಯೆತ್ತಿ ಒಮ್ಮೆ ನಮ್ಮ ಕಡೆ ನೋಡಿ ಮತ್ತೆ ಮಲಗಿತು.

ನಮ್ಮ ಕಡೆ ಇರುವುದು ಪಟ್ಟೆಯ ಕತ್ತೆಕಿರುಬ, ಇದು ಚುಕ್ಕೆಯದ್ದು, ಜಾತಿಯೇ ಬೇರೆ. ಇವುಗಳ ಗುಂಪಿಗೆ ಯಜಮಾನಿ ಹೆಣ್ಣು. ಅಮ್ಮನಿಗೆ ಗುಂಪಿನಲ್ಲಿ ಯಾವ ಸ್ಥಾನವೋ ಮಗಳಿಗೂ ಹೆಚ್ಚುಕಡಿಮೆ ಅದೇ. ಬರೀ ಸತ್ತ ಪ್ರಾಣಿ ತಿನ್ನುತ್ತವೆ ಅನ್ನೋದೂ ಸರಿಯಲ್ಲ, ಚೆನ್ನಾಗಿ ಬೇಟೆಯಾಡುತ್ತವೆ. ಅತ್ತೆ ಚಿಕ್ಕಂದಿನಲ್ಲಿ ಕಿರುಬದ ಹೆಸರು ಕೇಳಿದರೇ ಹೆದರುತ್ತಿದ್ದರಂತೆ. "ಮರಿ ಅಂದ್ರೆ ಎಲ್ಲಾ ಮರೀನೂ ಒಂದೇಯ" ಅಂದರು. ನಮ್ಮ ಹಿಂದೆ ಬಂದ ಕಾರುಗಳು ಒಂದೊಂದು ನಿಮಿಷ ನಿಂತು ಮುಂದೆ ಹೋದವು. ನಾವು ಮರಿಗಳು ತಾವಾಗಿ ಒಳಗೆ ಹೋಗುವವರೆಗೂ ಇದ್ದೆವು.

ಬಿಸಿಲು ಏರುತ್ತಿದ್ದ ಹಾಗೆ ಇಂಪಾಲಗಳ ಗಲಾಟೆ. ಇಂಪಾಲ ಅಂದರೆ ನಮ್ಮ ಜಿಂಕೆಯ ಹಾಗೆ ಅಲ್ಲಿ ಎಲ್ಲೆಲ್ಲೂ ಇರುವ ಪ್ರಾಣಿ. ಎರಡನೇ ದಿನಕ್ಕೆ ಜನ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ಮೇ ತಿಂಗಳು ಅವುಗಳ ಬೆದೆಯ ಕಾಲ. ಗಂಡುಗಳು ಕುತ್ತಿಗೆ ಚಾಚಿ, ಬಾಲ ಎತ್ತಿ ಘರ್ಜಿಸುತ್ತವೆ. ಅಷ್ಟು ಸಪೂರ ಪ್ರಾಣಿಯ ಗಂಟಲಿನಿಂದ ಅಂಥ ಒರಟು ಸದ್ದು ಬರುತ್ತದೆ ಅಂತ ನಂಬುವುದೇ ಕಷ್ಟ. ಒಂದು ಗಂಡು ಬಂದವರನ್ನೆಲ್ಲ ಓಡಿಸುತ್ತಾ, ಹೆಣ್ಣುಗಳನ್ನು ಒಂದು ಕಡೆ ಕೂಡಿಸುತ್ತಾ, ಮೇಯಲು ಪುರಸೊತ್ತೇ ಇಲ್ಲದೆ ಓಡಾಡುತ್ತಿತ್ತು. ಪಕ್ಕೆಯ ಎಲುಬು ಕಾಣುವಷ್ಟು ಬಡವಾಗಿತ್ತು. ಇದೇ ಗಡಿಬಿಡಿಯಲ್ಲಿ ಮೈಮರೆತು ಎಷ್ಟೋ ಗಂಡುಗಳು ಚಿರತೆಗೆ ಸಿಕ್ಕಿಬಿಡುತ್ತವೆ. ಇವತ್ತು ಮೂಡಿದ ಗರ್ಭಗಳೆಲ್ಲ ನವೆಂಬರ್-ಡಿಸೆಂಬರ್‌ನಲ್ಲಿ ಮಳೆ ಬಂದು ಹಸಿರಾಗುವ ಹೊತ್ತಿಗೆ ಹೆಚ್ಚುಕಡಿಮೆ ಒಟ್ಟಿಗೆ ಮರಿಯಾಗುತ್ತವೆ.

ಆನೆ ಸಿಕ್ಕಿದ್ದು ಎನ್ಕುಹ್ಲು ಪಿಕ್ನಿಕ್ ಜಾಗ ದಾಟಿದ ಮೇಲೆ. ನಮ್ಮ ಮುಂದೆ ರಸ್ತೆ ದಾಟಿ ನದಿಗೆ ಇಳಿಯುತ್ತಿದ್ದ ದೊಡ್ಡ ಹಿಂಡು. ಸಾಕಷ್ಟು ದೂರದಲ್ಲೇ ನಿಲ್ಲಿಸಿದೆ. ಅತ್ತೆ ಮುಂದಕ್ಕೆ ಬಾಗಿ, "ಇಷ್ಟೊಂದು ಸಲಗ ಒಂದೇ ಕಡೆ ಅವೆಯಲ್ಲ!" ಅಂದರು. ನಮ್ಮಲ್ಲಿ ದಂತ ಇರುವುದು ಗಂಡಿಗೆ ಮಾತ್ರ. ಆಫ್ರಿಕಾದಲ್ಲಿ ಹೆಣ್ಣಿಗೂ ಇರುತ್ತದೆ. ಅವೆಲ್ಲ ಅಮ್ಮಂದಿರು, ಚಿಕ್ಕಮ್ಮಂದಿರು, ಅಜ್ಜಿಯರು. ಕಿವಿ ನಮ್ಮ ಆನೆಗಿಂತ ತುಂಬಾ ಅಗಲ. ನಮ್ಮ ಆನೆಯ ಬೆನ್ನು ಉಬ್ಬಿರುತ್ತದೆ, ಇದರದ್ದು ನಡುವೆ ತಗ್ಗು. ಸೊಂಡಿಲ ತುದಿಯಲ್ಲಿ ನಮ್ಮದಕ್ಕೆ ಒಂದು ಬೆರಳು, ಇದಕ್ಕೆ ಎರಡು. ಒಂದು ಹೆಣ್ಣಾನೆ ಆ ಎರಡು ಬೆರಳಿನಿಂದ ಜಾಲಿಯ ಕೊಂಬೆಯಿಂದ ತೊಗಟೆ ಮಾತ್ರ ಸುಲಿದು ಬಾಯಿಗೆ ಹಾಕಿಕೊಂಡಿತು, ಕೊಂಬೆ ಕೆಳಗೆ ಬಿಸಾಕಿತು. ಅದರ ಗುಡುಗುಡು ದನಿ ನಮಗೆ ಕೇಳುತ್ತಿತ್ತು.

ಕೊನೆಯಲ್ಲಿ ಬಂದ ಹರೆಯದ ಗಂಡೊಂದು ದಾಟದೆ ನಮ್ಮ ಕಡೆ ತಿರುಗಿತು. ತಲೆ ಕೊಡವಿತು. ಕಿವಿಗಳು ಬೆನ್ನಿಗೆ ಬಡಿದ ಸದ್ದು ಬಂತು. ಮುಂಗಾಲು ನೆಲಕ್ಕೆ ಉಜ್ಜಿತು. "ಹಿಂದಕ್ಕೆ ತಗೋ. ಮೆಲ್ಲಗೆ. ಅದು ಹೊಡೆಯಕ್ಕೆ ಬರ್ತಿಲ್ಲ, ಹೋಗು ಅಂತದೆ" ಅಂದರು ಅತ್ತೆ. ದನಿಯಲ್ಲಿ ಸ್ವಲ್ಪವೂ ಗಾಬರಿಯಿಲ್ಲ. ನಾನು ರಿವರ್ಸ್ ಹಾಕಿ ನಿಧಾನಕ್ಕೆ ಹಿಂದೆ ಸರಿದೆ. ನನ್ನ ಹಿಂದಿದ್ದ ಕಾರುಗಳೂ ಒಂದೊಂದಾಗಿ ಹಿಂದೆ ಸರಿದವು. ಒಬ್ಬರೂ ಹಾರ್ನ್ ಹೊಡೆಯಲಿಲ್ಲ. ಮಾಗಡಿ ರೋಡಿನಲ್ಲಿ ದಿನಾ ಓಡಿಸುವ ನನಗೆ ಆ ಮೌನ ಎಷ್ಟು ದೊಡ್ಡದು ಅಂತ ಗೊತ್ತು. ಆನೆ ಇನ್ನೊಂದು ಹೆಜ್ಜೆ ಮುಂದೆ ಬಂದು, ನಾವು ದೂರವಾಗಿದ್ದು ನೋಡಿ, ತಿರುಗಿ ನದಿಗೆ ಇಳಿಯಿತು.

ಆಮೇಲೆ ಅತ್ತೆ ಕೇಳಿದ ಪ್ರಶ್ನೆ ಇದು: "ಇಲ್ಲಿ ಆನೆ ಹೊಲಕ್ಕೆ ಬರಕಿಲ್ವಾ?" ಎಲ್ಲರೂ ದಂತ ನೋಡುತ್ತಿದ್ದಾಗ ಅವರು ಆ ಕಾಡಿನ ಪಕ್ಕದ ರೈತನನ್ನು ನೆನೆಸಿಕೊಂಡಿದ್ದರು. ಕ್ರೂಗರ್‌ನ ಪಶ್ಚಿಮಕ್ಕೆ ಹಳ್ಳಿಗಳಿವೆ, ದನಕರುಗಳಿವೆ. ಆ ಅಂಚಿಗೆ 1960ರ ಸುಮಾರಿಗೇ ಬೇಲಿ ಬಂತು. ಅದಕ್ಕೆ ಒಂದು ಮುಖ್ಯ ಕಾರಣ ಕಾಲುಬಾಯಿ ರೋಗ. ಕಾಡಿನ ಎಮ್ಮೆಗಳ ಮೈಯಲ್ಲಿ ಅದರ ವೈರಸ್ ಇರುತ್ತದೆ, ಅವುಗಳಿಗೆ ಅಷ್ಟೇನೂ ತೊಂದರೆ ಇಲ್ಲ, ಹಳ್ಳಿಯ ದನಕ್ಕೆ ಹತ್ತಿದರೆ ಕಷ್ಟ. ಅತ್ತೆಗೆ ಇದು ಥಟ್ಟನೆ ಅರ್ಥವಾಯಿತು. ಆದರೂ ಬೇಲಿ ಮುರಿದು ಆನೆ ಆಚೆ ಹೋಗುವುದು ಅಲ್ಲೂ ಇದೆ. ನಮ್ಮಲ್ಲಿ ಕಂದಕ ತೋಡಿದರು, ಸೋಲಾರ್ ಬೇಲಿ ಹಾಕಿದರು, ಈಗ ರೈಲು ಹಳಿಯ ಬೇಲಿ ಹಾಕುತ್ತಿದ್ದಾರೆ. ಕ್ರೂಗರ್‌ನಲ್ಲಿ 1967ರಿಂದ 1994ರವರೆಗೆ ಆನೆಗಳ ಸಂಖ್ಯೆ 7,000ದ ಆಸುಪಾಸು ಇರಲಿ ಅಂತ ಪ್ರತಿವರ್ಷ ಕೊಲ್ಲುತ್ತಿದ್ದರು. ಆಮೇಲೆ ನಿಲ್ಲಿಸಿದರು. ಈಗ ಅದರ ಎರಡು ಪಟ್ಟಿಗಿಂತ ತುಂಬಾ ಜಾಸ್ತಿ ಇವೆ. ಕೊಂದಿದ್ದು ಕೇಳಿ ಅತ್ತೆ ತುಂಬಾ ಹೊತ್ತು ಮಾತಾಡಲಿಲ್ಲ. ಬಾಳೆ, ಜೋಳ ಎಲ್ಲ ಆನೆಗೆ ಕಳೆದುಕೊಂಡವರು ಅವರು. ಆದರೂ "ಅದೆಂಗೆ ಮನಸ್ಸು ಬಂತವ್ವ" ಅಂದರು.

ಲೋವರ್ ಸಾಬಿ ಹತ್ತಿರ ಸನ್‌ಸೆಟ್ ಡ್ಯಾಮ್ ಅಂತ ಒಂದು ಕೆರೆ ಇದೆ. ರಸ್ತೆಗೆ ಅಂಟಿಕೊಂಡೇ ಇದೆ. ನೀರಾನೆಗಳು ಮುಳುಗಿ ಮಲಗಿದ್ದವು, ಒಂದರ ಬೆನ್ನ ಮೇಲೆ ಆಮೆಗಳು ಬಿಸಿಲು ಕಾಯುತ್ತಿದ್ದವು. ದಡದಲ್ಲಿ ಮೊಸಳೆಗಳು. ಕ್ಯಾಂಪಿನಲ್ಲಿ ಇಳಿದು, ನದಿ ಕಾಣುವ ಕಡೆ ಕೂತು ಪುಳಿಯೋಗರೆ ತಿಂದೆವು. ಅಲ್ಲಿನ ಮನೆಗಳಲ್ಲಿ ಅಡುಗೆಗೆ ಒಲೆ, ಪಾತ್ರೆ, ಫ್ರಿಜ್ ಕೊಡುತ್ತಾರೆ. ಗೊಜ್ಜು ಮನೆಯಿಂದ ತಂದರೆ ಸಾಕು, ಅನ್ನ ಮಾಡಿಕೊಂಡು ಹೊರಡಬಹುದು.

ಮಧ್ಯಾಹ್ನ ತ್ಶೋಕ್ವಾನೆ ಕಡೆ ಹೋಗುವ ಎಚ್10 ರಸ್ತೆ. ಇಲ್ಲಿ ಕಾಡು ತೆಳುವಾಗಿ ಬಯಲಾಗುತ್ತದೆ. ಒಂದು ಕಡೆ ಕಾರುಗಳ ಗುಂಪು. ಸಿಂಹ. ಹುಲ್ಲಿನಲ್ಲಿ ಮಲಗಿದ್ದವು, ಕಿವಿಯ ತುದಿ ಆಗಾಗ ಅಲುಗಾಡುತ್ತಿತ್ತು. ಸ್ವಲ್ಪ ಹೊತ್ತು ನೋಡಿದೆವು. ಸಿಂಹ ಕಂಡಿದ್ದು ಸಂತೋಷವೇ. ಆದರೆ ಬಿಸಿಲಲ್ಲಿ ಮಲಗಿದ ಸಿಂಹ ಸಂಜೆವರೆಗೂ ಏಳುವುದಿಲ್ಲ. ನಾನು ಗೇರು ಹಾಕಿದೆ.

ಅಲ್ಲಿಂದ ಮುಂದೆ ಸಿಕ್ಕಿದ್ದೇ ನನ್ನ ಪಾಲಿಗೆ ಆ ದಿನದ ಭಾಗ್ಯ. ನೆಲದ ಮಂಗಟ್ಟೆ. ಮಂಗಟ್ಟೆ ಹಕ್ಕಿ ನಮಗೆ ಗೊತ್ತು. ದಾಂಡೇಲಿಯಲ್ಲಿ ಎತ್ತರದ ಮರದಲ್ಲಿ ಹಣ್ಣು ತಿನ್ನುವುದನ್ನು ಕತ್ತು ನೋಯುವಷ್ಟು ಮೇಲೆ ನೋಡಿದ್ದೇವೆ. ಇದು ಅದೇ ನೆಂಟರ ಪೈಕಿ, ಆದರೆ ನೆಲದ ಮೇಲೆ ನಡೆದುಕೊಂಡೇ ಬದುಕುವ ಹಕ್ಕಿ. ಕಪ್ಪು ಮೈ, ಎದ್ದು ಕಾಣುವ ಕೆಂಪು ಮುಖ, ಗಂಟಲ ಕೆಳಗೆ ಜೋತಾಡುವ ಕೆಂಪು ಚೀಲ. ಕಣ್ಣಿಗೆ ಉದ್ದುದ್ದ ರೆಪ್ಪೆ. ನೆಟ್ಟಗೆ ನಿಂತರೆ ಹತ್ತಿರ ಹತ್ತಿರ ಒಂದು ಮೀಟರ್ ಎತ್ತರ. ನಾಲ್ಕು ಹಕ್ಕಿಗಳು ಒಂದಕ್ಕೊಂದು ಅಂತರ ಬಿಟ್ಟು, ಭತ್ತದ ಗದ್ದೆಯಲ್ಲಿ ಕಳೆ ಕೀಳುವವರ ಸಾಲಿನ ಹಾಗೆ ಹುಲ್ಲು ಕೆದಕುತ್ತಾ ಬರುತ್ತಿದ್ದವು. ಒಂದರ ಗಂಟಲಲ್ಲಿ ಕೆಂಪಿನ ನಡುವೆ ನೀಲಿ ಮಚ್ಚೆ, ಅದು ಹೆಣ್ಣು. ಕೊನೆಯದರ ಮುಖ ಇನ್ನೂ ಕೆಂಪಾಗಿರಲಿಲ್ಲ, ಮಾಸಲು ಹಳದಿ. ಅದು ಮರಿ. ಗಾತ್ರದಲ್ಲಿ ದೊಡ್ಡವರಷ್ಟೇ ಬೆಳೆದಿದ್ದರೂ ಅಮ್ಮನ ಹಿಂದೆ ಕೂಗಿಕೊಂಡು ಹೋಗುತ್ತಿತ್ತು. ಒಂದು ದೊಡ್ಡ ಹಕ್ಕಿ ಒಣ ಸಗಣಿ ಮಗುಚಿ ಏನೋ ಹುಳ ಎತ್ತಿತು. ಆ ಉದ್ದ ಕೊಕ್ಕಿನ ತುದಿಯಲ್ಲಿ ಹಿಡಿದು, ನುಂಗದೆ, ನಿಂತು, ಮರಿಯ ಬಾಯಿಗೆ ಇಟ್ಟಿತು.

ಈ ಹಕ್ಕಿಗಳ ಸಂಸಾರ ದೊಡ್ಡದು, ಸಂತಾನ ಕಡಿಮೆ. ಗುಂಪಿನಲ್ಲಿ ಒಂದು ಜೋಡಿ ಮಾತ್ರ ಮೊಟ್ಟೆ ಇಡುತ್ತದೆ, ಉಳಿದವು ಮರಿ ಸಾಕಲು ಸಹಾಯ ಮಾಡುತ್ತವೆ. ಸಾಮಾನ್ಯವಾಗಿ ಎರಡು ಮೊಟ್ಟೆ, ಬದುಕುವುದು ಒಂದು ಮರಿ. ಅದೂ ಪ್ರತಿವರ್ಷ ಅಲ್ಲ. ಗೂಡಿಗೆ ದೊಡ್ಡ ಹಳೇ ಮರದ ಪೊಟರೆ ಬೇಕು. ದಕ್ಷಿಣ ಆಫ್ರಿಕಾದಲ್ಲಿ ಕ್ರೂಗರ್‌ನಂಥ ಕಾಡುಗಳ ಆಚೆ ಇವು ತುಂಬಾ ಕಡಿಮೆಯಾಗಿವೆ. ಹಾಗಾಗಿ ಆ ಹಳದಿ ಮುಖದ ಮರಿಯನ್ನು ಕಂಡಾಗ ನನಗೆ ಕಣ್ಣು ತುಂಬಿತು. ಬೆಳಗಿನ ಜಾವ ಕ್ಯಾಂಪಿನಲ್ಲಿ ದೂರದಿಂದ "ಹೂಂ... ಹೂಂ" ಅಂತ ಒಂದು ಆಳದ ದನಿ ಕೇಳಿತ್ತು. ಅದು ಇವುಗಳದ್ದೇ. ಪಕ್ಕದಲ್ಲಿ ಕಾರುಗಳು ಹೋಗುತ್ತಲೇ ಇದ್ದವು. ಸಿಂಹ ಹಿಂದೆ ಇದೆ ಅಂತ ಒಬ್ಬರು ನಿಲ್ಲಿಸಿ ಹೇಳಿಯೂ ಹೋದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ನಾವು ಅಲ್ಲೇ ಇದ್ದೆವು. ಮನೆಯವರು ಗಡಿಯಾರ ನೋಡಲೇ ಇಲ್ಲ.

ಖಡ್ಗಮೃಗವನ್ನೂ ನೋಡಿದೆವು. ಯಾವ ರಸ್ತೆಯಲ್ಲಿ ಅಂತ ಬರೆಯುವುದಿಲ್ಲ. ನೀವೂ ಹೋದರೆ ಬರೆಯಬೇಡಿ, ಫೋಟೊ ಹಾಕಿದರೂ ಜಾಗ ಹೇಳಬೇಡಿ. ಕ್ಯಾಂಪುಗಳಲ್ಲಿ ಯಾವ ಪ್ರಾಣಿ ಎಲ್ಲಿ ಕಂಡಿತು ಅಂತ ಗುರುತು ಹಾಕುವ ಮ್ಯಾಪ್ ಬೋರ್ಡ್ ಇರುತ್ತದೆ. ಸಿಂಹ, ಚಿರತೆ, ಚೀತಾಕ್ಕೆಲ್ಲ ಒಂದೊಂದು ಬಣ್ಣ. ಕಳ್ಳಬೇಟೆಯವರಿಗೆ ಸುಳಿವು ಸಿಗಬಾರದು ಅಂತ ಖಡ್ಗಮೃಗದ ಗುರುತು ಹಾಕುವುದಿಲ್ಲ. ನಾವು ನೋಡಿದ್ದರ ಕೊಂಬನ್ನು ಅರಣ್ಯದವರೇ ಕತ್ತರಿಸಿದ್ದರು. ಕೊಂಬು ನಮ್ಮ ಉಗುರಿನಲ್ಲಿರುವ ಕೆರಾಟಿನ್‌ನಿಂದಲೇ ಆದದ್ದು, ಕತ್ತರಿಸಿದರೆ ನೋವಿಲ್ಲ, ಮತ್ತೆ ಬೆಳೆಯುತ್ತದೆ. ಜೀವ ಉಳಿಸಲು ಮುಖದ ಅಂದವನ್ನೇ ತೆಗೆಯಬೇಕಾದ ಸ್ಥಿತಿ ನೋಡಿ ಸಂಕಟವಾಯಿತು.

ತ್ಶೋಕ್ವಾನೆಯಿಂದ ಸ್ಕುಕುಜಾ ದಾರಿ ಹಿಡಿದಾಗ ಹೊತ್ತು ಇಳಿದಿತ್ತು. 4.40ರ ಸುಮಾರಿಗೆ, ಕ್ಯಾಂಪಿಗೆ ಇನ್ನು 20 ಕಿ.ಮೀ. ಇರುವಾಗ, ಅತ್ತೆ "ನಿಲ್ಸು, ನಾಯಿ" ಅಂದರು. ಟಾರಿನ ಅಂಚಿನಲ್ಲೇ ಆಫ್ರಿಕಾದ ಕಾಡುನಾಯಿಗಳ ಗುಂಪು ಮಲಗಿತ್ತು. ಕಪ್ಪು, ಬಿಳಿ, ಕಂದು ಕಲೆಗಳು, ಒಂದರ ಹಾಗೆ ಇನ್ನೊಂದಿಲ್ಲ. ದುಂಡನೆ ದೊಡ್ಡ ಕಿವಿ. ಬಂಡೀಪುರದ ಸೀಳುನಾಯಿ ನೋಡಿದವರಿಗೆ ನಡವಳಿಕೆ ಪರಿಚಿತ, ಮೈ ಪೂರ್ತಿ ಬೇರೆ. ಇಷ್ಟು ದೊಡ್ಡ ಕ್ರೂಗರ್‌ನಲ್ಲಿ ಇವು ಕೆಲವೇ ನೂರು.

ಮನೆಯವರು ಲೆಕ್ಕ ಹೇಳಿದರು. 50ರ ವೇಗದಲ್ಲಿ 20 ಕಿ.ಮೀ.ಗೆ 24 ನಿಮಿಷ. ದಾರಿಯಲ್ಲಿ ಆನೆ ಅಡ್ಡ ಬಂದರೆ ಕಾಯಲು ಸ್ವಲ್ಪ ಸಮಯ ಬೇಕು. ಐದು ಗಂಟೆಗೆ ಹೊರಡಲೇಬೇಕು. ನಾಯಿಗಳು ಏಳುವುದೂ ಅದೇ ಹೊತ್ತಿಗೆ. 4.50ಕ್ಕೆ ಒಂದು ಎದ್ದು ಮೈ ಮುರಿಯಿತು. ಇನ್ನೊಂದರ ಬಾಯಿ ನೆಕ್ಕಿತು. ಅದು ಎದ್ದಿತು. ನೋಡನೋಡುತ್ತಿದ್ದಂತೆ ಎಲ್ಲವೂ ಎದ್ದು ಒಂದರ ಕೆಳಗೊಂದು ನುಸುಳುತ್ತಾ, ಬಾಲ ಎತ್ತಿ, ಹಕ್ಕಿಗಳ ಥರ ಚಿಲಿಪಿಲಿ ಸದ್ದು ಮಾಡತೊಡಗಿದವು. ಬೇಟೆಗೆ ಹೊರಡುವ ಮುಂಚೆ ದಿನಾ ನಡೆಯುವ ಕ್ರಮ ಇದು. ಆಮೇಲೆ ಒಂದರ ಹಿಂದೊಂದು ಹುಲ್ಲಿಗೆ ಇಳಿದವು. ಹಿಂಬಾಲಿಸಲು ದಾರಿಯಿಲ್ಲ, ರಸ್ತೆ ಬಿಟ್ಟು ಇಳಿಯುವ ಹಾಗೂ ಇಲ್ಲ. ಗೇಟು ಸೇರಿದಾಗ ಇನ್ನೂ ಸಮಯ ಉಳಿದಿತ್ತು.

ಮುಂದಿನ ಸಲ ಉತ್ತರದ ಕಡೆ ಹೋಗಬೇಕು ಅಂತಿದೆ. ಲೆಟಾಬಾ, ಶಿಂಗ್ವೆಡ್ಜಿ, ಪುಂಡಾ ಮಾರಿಯಾ. ಅಲ್ಲಿ ಕಾರುಗಳು ಕಡಿಮೆ, ಕಾಡೂ ಬೇರೆ ಥರ, ಬಹುಪಾಲು ಮೊಪಾನಿ ಮರ. ಕ್ಯಾಂಪಿನ ಬುಕಿಂಗ್ ಹನ್ನೊಂದು ತಿಂಗಳು ಮುಂಚೆಯೇ ಶುರುವಾಗುತ್ತದೆ, ರಜದ ದಿನಾಂಕ ಮೊದಲೇ ನೋಡಿಕೊಳ್ಳಿ. ಅತ್ತೆ ಈಗಾಗಲೇ ಗುಂಡ್ಲುಪೇಟೆಯ ತಮ್ಮ ತಂಗಿಯನ್ನೂ ಕರೆದುಕೊಂಡು ಹೋಗೋಣ ಅಂದಿದ್ದಾರೆ. ಅವರಿಗೂ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿಸಬೇಕು.